ಬದಲಾವಣೆಗೆ ಅನುಕೂಲವೂ ಅಡ್ಡಿಯೂ

ಬಂಡಿಯ ಗಾಲಿಗೆ ಕಲ್ಲು ಅಡ್ಡವಾದಾಗ ಎತ್ತುಗಳನ್ನು ಎಷ್ಟು ಹೊಡೆದರೂ ಬಂಡಿಯು ಮುಂದೆ ಸಾಗದು. ಇಳಿದು ಕಲ್ಲನ್ನು ತೆಗೆಯುವವನೇ ಜಾಣನು. ಆದರೆ ಮನೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಬದಲಾವಣೆಯನ್ನು ಬಯಸುವಾಗ ನಾವು ಈ ಜಾಣತನವನ್ನು ಮರೆಯುತ್ತೇವೆ.

ಜರ್ಮನಿಯನ್ನು ಬಿಟ್ಟು 1933ರಲ್ಲಿ ಅಮೆರಿಕಕ್ಕೆ ಹೋದ ಮನಶ್ಶಾಸ್ತ್ರಜ್ಞರಾದ ಕುರ್ಟ್ ಲೆವಿನ್ (1890–1947) ಎಂಬವರು ಇದನ್ನು ಹೀಗೆ ವಿವರಿಸಿದರು: ಮುಂದಕ್ಕೆ ನೂಕುವ ಶಕ್ತಿಗಳೂ ತಡೆಯುವ ಶಕ್ತಿಗಳೂ ಸಮತೂಕವಾಗಿರುವುದರಿಂದಲೇ ಒಂದು ಸ್ಥಿತಿಯು ಬದಲಾಗದೆ ನಿಂತಿರುತ್ತದೆ. ನೂಕುವ ಬಲವನ್ನೇ ಹೆಚ್ಚಿಸಿದರೆ ಮನಸ್ಸಿನ ಬಿಗಿತವೂ ಹೆಚ್ಚುವುದು. ತಡೆಯನ್ನು ಕಡಮೆಮಾಡಿದರೆ ಬದಲಾವಣೆಯು ಅಷ್ಟು ಬಿಗಿತವಿಲ್ಲದೆ ನಡೆಯುವುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ತಾವು ಬಳಸದಿದ್ದ ದನದ ಗುಂಡಿಗೆ, ಮೂತ್ರಪಿಂಡ ಮುಂತಾದವನ್ನು ಅಡಿಗೆಗೆ ಉಪಯೋಗಿಸುವಂತೆ ಮಾಡಬೇಕಾಗಿತ್ತು. ಲೆವಿನ್‌ರವರು ಕೆಲವು ಗುಂಪುಗಳಿಗೆ ಉಪನ್ಯಾಸವನ್ನು ಕೊಡಿಸಿದರು. ಬೇರೆ ಗುಂಪುಗಳಲ್ಲಿ ಬೇಯಿಸುವಾಗಿನ ವಾಸನೆ, ಗಂಡಂದಿರ ಅರುಚಿ ಮುಂತಾದ ಅಡ್ಡಿಗಳನ್ನು ಗೃಹಿಣಿಯರೇ ಚರ್ಚಿಸಿ, ತಾವೇ ನಿರ್ಧರಿಸಿದರು. ಬಳಿಕ ವಿಚಾರಿಸಲಾಗಿ, ಉಪನ್ಯಾಸವನ್ನು ಕೇಳಿದವರಲ್ಲಿ ನೂರಕ್ಕೆ 3 ಮಂದಿ ಮಾತ್ರವೂ ಚರ್ಚಿಸಿದವರಲ್ಲಿ ನೂರಕ್ಕೆ 32 ಮಂದಿಯೂ ಅಂಥ ಹೊಸ ಮಾಂಸವೊಂದನ್ನು ಬಡಿಸಿದ್ದರು.

ತಂದೆತಾಯಿಗಳೇ, ಒಬ್ಬ ಹುಡುಗಿಯು ಓದಿನಲ್ಲಿ ಹಿಂದೆ ಬಿದ್ದಳೆಂದು ಭಾವಿಸಿರಿ. ಬುದ್ಧಿ ಹೇಳುವುದು, ಗದರಿಸುವುದು, ಕೊನೆಗೆ ಶಾಲೆಯನ್ನು ಬಿಡಿಸುವೆವೆಂದು ಹೆದರಿಸುವುದು—ಇವೆಲ್ಲವೂ ನೂಕುವ ಬಲಗಳೇ. ಅದಕ್ಕೆ ಮೊದಲು ಒಂದು ಕಾಗದದ ನಡುವೆ ಗೆರೆಯನ್ನೆಳೆದು, ಅವಳನ್ನು ಹತ್ತಿರ ಕುಳ್ಳಿರಿಸಿಕೊಂಡು, ಒಂದು ಕಡೆ ಅನುಕೂಲಗಳನ್ನೂ ಇನ್ನೊಂದು ಕಡೆ ಅಡ್ಡಿಗಳನ್ನೂ ಬರೆಯಿರಿ. ಕಲಿಯುವ ಆಸೆಯೂ ಗೆಳತಿಯರ ನೆರವೂ ಒಂದು ಕಡೆಗಿರಬಹುದು. ಸಂಜೆಯ ಮನೆಗೆಲಸ, ತಮ್ಮನನ್ನು ಎತ್ತಿಕೊಳ್ಳುವ ಹೊಣೆ, ಕಳೆದ ವರ್ಷವೇ ತಿಳಿಯದೆ ಉಳಿದ ಭಿನ್ನರಾಶಿಯ ಲೆಕ್ಕ ಇನ್ನೊಂದು ಕಡೆಗಿರಬಹುದು. ಒಂದೊಂದಕ್ಕೂ ಅದರ ಬಲಕ್ಕೆ ತಕ್ಕಂತೆ 1ರಿಂದ 5ರ ವರೆಗೆ ಅಂಕವನ್ನು ಕೊಡಿರಿ. ಬಲವಾದ ಅಡ್ಡಿಗಳಲ್ಲಿ ನಿಮ್ಮ ಕೈಯಿಂದ ನೀಗುವಂಥದನ್ನು ಮೊದಲು ತೆಗೆಯಿರಿ. ಸೋಮಾರಿತನವೆಂದು ನಾವು ಹೆಸರಿಟ್ಟದ್ದು ಹಲವು ಸಾರಿ ಆಯಾಸವಾಗಿಯೋ ನಾಚಿಕೆಯಾಗಿಯೋ ಕಂಡುಬರುವುದು.

ಆಸ್ಪತ್ರೆ, ಪಾಠಶಾಲೆ, ಕಚೇರಿಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ ಈ ಕ್ರಮವು ಉಪಯುಕ್ತವು. ಹೊಸ ಪದ್ಧತಿಯನ್ನು ಜೊತೆಗೆಲಸದವರು ಒಪ್ಪದಿದ್ದರೆ ಆಜ್ಞೆಯನ್ನು ಎರಡನೆಯ ಸಾರಿ ಹೊರಡಿಸುವ ಮೊದಲು ಕಾರಣವನ್ನು ಕೇಳಿರಿ. ಎಲ್ಲಾ ಅಡ್ಡಿಗಳೂ ಶತ್ರುಗಳಲ್ಲ. ಕೆಲವು ನಮ್ಮ ಯೋಜನೆಯ ತಪ್ಪನ್ನೇ ತೋರಿಸುವುವು. ಕಲ್ಲನ್ನು ತೆಗೆಯಲು ಇಳಿದವನಿಗೆ ಮುಂದಿನ ದಾರಿಯೂ ಚೆನ್ನಾಗಿ ಕಾಣುವುದಲ್ಲವೇ?