ತೆಂಗಿನಕಾಯಿಯ ಮೇಲೇಕೆ ಅನುಮಾನ?

2025ರ ಜೂನ್, ಜುಲೈನಲ್ಲಿ ನಮ್ಮ ತುಮಕೂರಿನ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬರುತ್ತಿದ್ದಾಗ ಗುಬ್ಬಿಯ ಓದುಗರೊಬ್ಬರು ಕೇಳಿದ್ದರು: "ನಮ್ಮ ಮನೇಲಿ ಕಾಯಿ ಇಲ್ಲದೆ ಚಟ್ನಿ ಇಲ್ಲ, ಹುಳಿ ಇಲ್ಲ. ಈಗ ಕಾಯಿ ಬಿಟ್ಟುಬಿಡಿ ಅಂತಾರೆ. ನಮ್ಮಜ್ಜ ಇದನ್ನೇ ತಿಂದು ಎಂಬತ್ತು ದಾಟಿದ್ರು. ಯಾರನ್ನ ನಂಬೋದು ಸಾರ್?"

ಹಾಸನದ ಸಾವುಗಳನ್ನು ಪರಿಶೀಲಿಸಲು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ಸಮಿತಿ ನೇಮಿಸಿತು. ಹಿಂದಿಗಿಂತ ಅಸಹಜವಾದ ಏರಿಕೆಯೇನೂ ಇಲ್ಲವೆಂದು ಸಮಿತಿ ಹೇಳಿತು. ಅನೇಕರು ಇದನ್ನು ಕೇಳಿ ನಿಟ್ಟುಸಿರುಬಿಟ್ಟರು. ನನಗೆ ಮಾತ್ರ ಅದರಿಂದ ನೆಮ್ಮದಿಯಾಗಲಿಲ್ಲ. ಏರಿಕೆ ಇಲ್ಲವೆಂದರೆ, ಇಂಥ ಸಾವುಗಳು ಸುದ್ದಿಯಾಗದೆಯೇ ಮೊದಲಿಂದಲೂ ನಡೆಯುತ್ತಿದ್ದವು ಎಂದೇ ಅರ್ಥ.

ಮೊದಲು ಕಾಯಿಯ ವಿಚಾರ. ಅದರ ಕೊಬ್ಬಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಕೊಬ್ಬು. ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದರಲ್ಲಿ, ಕೊಬ್ಬರಿ ಎಣ್ಣೆ ಬಳಸಿದವರ ಎಲ್‌ಡಿಎಲ್ ಕೊಲೆಸ್ಟ್ರಾಲು ಬೇರೆ ಸಸ್ಯದೆಣ್ಣೆ ಬಳಸಿದವರಿಗಿಂತ ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಹೆಚ್ಚಿತ್ತು. ಹಾಗಾಗಿ ಕೊಬ್ಬರಿ ಎಣ್ಣೆಯನ್ನು ಹೃದಯಕ್ಕೆ ಅಮೃತವೆಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ತುರಿದ ಹಸಿಕಾಯಿಯೇ ಬೇರೆ, ಬಾಣಲೆ ತುಂಬ ಸುರಿದ ಎಣ್ಣೆಯೇ ಬೇರೆ. ತಿನ್ನುವ ಜನರ ಉಳಿದ ಬದುಕು ಹೇಗಿದೆ ಎಂಬುದಂತೂ ಎಲ್ಲಕ್ಕಿಂತ ದೊಡ್ಡ ಮಾತು.

ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಪೆಸಿಫಿಕ್ ಸಾಗರದ ತೊಕೆಲಾವ್ ದ್ವೀಪದವರು. ಅವರ ಆಹಾರದ ಶಕ್ತಿಯಲ್ಲಿ ನೂರಕ್ಕೆ 63 ಪಾಲು ತೆಂಗಿನಿಂದಲೇ ಬರುತ್ತಿತ್ತು. ನಮ್ಮ ಗುಬ್ಬಿ, ತಿಪಟೂರಿನವರೂ ಅಷ್ಟು ಕಾಯಿ ತಿನ್ನಲಾರರು. ನ್ಯೂಜಿಲೆಂಡಿನ ಇಯಾನ್ ಪ್ರಯರ್ ತಂಡ 1981ರಲ್ಲಿ ಪ್ರಕಟಿಸಿದಂತೆ, ತೆಂಗು ಕಡಿಮೆ ತಿನ್ನುವ ಪುಕಾಪುಕಾ ದ್ವೀಪದವರಿಗಿಂತ ಇವರ ಕೊಲೆಸ್ಟ್ರಾಲು ಹೆಚ್ಚಿತ್ತು. ಆದರೂ ಎರಡೂ ಕಡೆ ರಕ್ತನಾಳದ ರೋಗ ಅಪರೂಪ. ಮೀನು ಹಿಡಿದು, ಮರ ಹತ್ತಿ ಬದುಕುತ್ತಿದ್ದ ತೊಕೆಲಾವಿನವರಲ್ಲಿ ಹಲವರು ನ್ಯೂಜಿಲೆಂಡಿಗೆ ವಲಸೆ ಹೋದರು. ಅಲ್ಲಿ ಅವರ ಊಟದಲ್ಲಿ ತೆಂಗು ತಗ್ಗಿತು. ಏರಿದ್ದು ಮೈತೂಕ ಮತ್ತು ರಕ್ತದೊತ್ತಡ.

ಇನ್ನು ಅಜ್ಜನ ವಿಚಾರ. ಒಬ್ಬರ ಬದುಕನ್ನು ಸಾಕ್ಷಿಯಾಗಿ ನಿಲ್ಲಿಸುವುದು ನಮಗೆಲ್ಲ ರೂಢಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಮಿತಾಹಾರದಲ್ಲಿ 111 ವರ್ಷ ಬಾಳಿದರು. ಅಷ್ಟೊಂದು ವ್ಯಾಯಾಮ ಮಾಡುತ್ತಿದ್ದ ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದರು. ಎರಡೂ ನಿಜ, ಎರಡೂ ನಮ್ಮ ಮನಸ್ಸನ್ನು ಆಳವಾಗಿ ತಟ್ಟಿದ ಸಂಗತಿಗಳು. ಆದರೆ ತುಮಕೂರು ಜಿಲ್ಲೆಯ ಲಕ್ಷಾಂತರ ಜನರ ಹೃದಯದ ಬಗ್ಗೆ ಇವೆರಡರಿಂದ ಏನೂ ತಿಳಿಯುವುದಿಲ್ಲ.

ಲಂಡನ್ನಿನ ಜೆಫ್ರಿ ರೋಸ್ 1985ರಲ್ಲಿ ಬರೆದ ಪುಟ್ಟ ಪ್ರಬಂಧವೊಂದು ನನಗೆ ಬಹಳ ಇಷ್ಟ. 'ಈ ವ್ಯಕ್ತಿಗೆ ಈ ರೋಗ ಯಾಕೆ ಬಂತು' ಎಂಬುದು ಒಂದು ಪ್ರಶ್ನೆ, 'ಈ ಊರಿನಲ್ಲಿ ಈ ರೋಗ ಯಾಕೆ ಇಷ್ಟಿದೆ' ಎಂಬುದು ಬೇರೆಯೇ ಪ್ರಶ್ನೆ ಎಂದರು ರೋಸ್. ಕುಣಿಗಲ್ ದೊಡ್ಡಕೆರೆಯ ನೀರು ಒಂದು ಗೇಣು ಏರಿತೆನ್ನಿ. ಅಂಚಿನ ಕೆಲವು ಜಮೀನು ಮುಳುಗುತ್ತವೆ. ಮುಳುಗಿದ್ದು ಯಾವುದು ಎಂದು ಕೇಳಿದರೆ ತಗ್ಗಿನದು ಎನ್ನಬೇಕು. ಯಾಕೆ ಮುಳುಗಿತು ಎಂದರೆ, ನೀರು ಏರಿದ್ದರಿಂದ. ತೀರಾ ತಗ್ಗಿನ ಜಮೀನುಗಳಿಗಷ್ಟೇ ಒಡ್ಡು ಕಟ್ಟುತ್ತ ಹೋದರೆ ಅವು ಉಳಿದಾವು. ಆದರೆ ತಗ್ಗೂ ಅಲ್ಲದ ದಿಬ್ಬವೂ ಅಲ್ಲದ ಜಮೀನುಗಳೇ ಎಲ್ಲಕ್ಕಿಂತ ಹೆಚ್ಚು, ನಷ್ಟವೂ ಒಟ್ಟು ಸೇರಿದಾಗ ಅಲ್ಲೇ ಹೆಚ್ಚು. ಹೃದಯಾಘಾತವೂ ಹೀಗೆಯೇ. ಬಿಪಿ 180 ಇರುವವರಿಗೆ ಅಪಾಯ ತೀವ್ರ, ಆದರೆ ಅಂಥವರು ಕೆಲವರೇ. 140ರ ಆಸುಪಾಸಿನವರು ಊರು ತುಂಬ ಇದ್ದಾರೆ. ಒಟ್ಟು ಹೃದಯಾಘಾತಗಳಲ್ಲಿ ದೊಡ್ಡ ಪಾಲು 'ನನಗೇನೂ ಇಲ್ಲ' ಎಂದುಕೊಂಡಿದ್ದ ಅವರದೇ. ನೀರಿನ ಮಟ್ಟವನ್ನೇ ತಗ್ಗಿಸಬೇಕು.

ನಮ್ಮಲ್ಲಿ ನೀರು ಏರಿಸಿದ್ದು ಯಾವುದು? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು, ಮೊದಲ ಸಲ ಹೃದಯಾಘಾತವಾದ 200 ಮಂದಿಯನ್ನು ಅದೇ ವಯಸ್ಸಿನ 200 ಮಂದಿಯೊಂದಿಗೆ ಹೋಲಿಸಿ 1996ರಲ್ಲೇ ಉತ್ತರ ಕೊಟ್ಟಿದ್ದರು: ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೊಂಟದ ಸುತ್ತಳತೆ. ಆ ಅಧ್ಯಯನದಲ್ಲಿದ್ದ ಸಲೀಂ ಯೂಸುಫ್ ಓದಿದ್ದೂ ಸೇಂಟ್ ಜಾನ್ಸ್‌ನಲ್ಲೇ. ಮುಂದೆ 52 ದೇಶಗಳಲ್ಲಿ ಅವರು ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ ತೊಂಬತ್ತು ಪಾಲನ್ನು ಒಂಬತ್ತೇ ಅಂಶಗಳು ವಿವರಿಸುತ್ತವೆಂದು ಅದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ 53ರ ಹೊತ್ತಿಗೆ, ಉಳಿದೆಡೆ 59ರ ಸುಮಾರಿಗೆ ಎಂಬುದು ಅದೇ ಅಧ್ಯಯನದಿಂದ ತಿಳಿದದ್ದು. ಅಪಾಯದ ಅಂಶಗಳು ನಮಗೆ ಬೇಗ ಬರುತ್ತಿವೆ, ಆಘಾತವೂ ಬೇಗ ಬರುತ್ತಿದೆ.

ಇದರ ಬೇರು ತಾಯಿಯ ಹೊಟ್ಟೆಯವರೆಗೂ ಇಳಿದಿದೆ ಎಂಬುದಕ್ಕೆ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹಳೆಯ ದಾಖಲೆಗಳೇ ಪುರಾವೆ. 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದವನ್ನು ಅಲ್ಲಿ ಬರೆದಿಡಲಾಗಿತ್ತು. ಆ ಮಕ್ಕಳಲ್ಲಿ 517 ಮಂದಿ ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಿತ್ತು. 1996ರ ಈ ಅಧ್ಯಯನವನ್ನು ಓದಿದ ಮೇಲೆ, ಬಸುರಿಯರ ಊಟವನ್ನು ಬಿಟ್ಟು ಹೃದಯದ ಆರೋಗ್ಯದ ಬಗ್ಗೆ ಮಾತಾಡುವುದು ನನ್ನಿಂದಾಗದು.

ಹೀಗೆ ಹುಟ್ಟಿದ ಮೈಗೆ ಹೊಲದ ದುಡಿಮೆಯೂ ರಾಗಿ ಮುದ್ದೆ, ಸೊಪ್ಪಿನ ಸಾರೂ ಇದ್ದಾಗ ಒಂದು ಲೆಕ್ಕ. ಈಗ ಹೊಲಕ್ಕೂ ಬೈಕು, ತಟ್ಟೆ ತುಂಬ ಪಾಲಿಶ್ ಮಾಡಿದ ಅಕ್ಕಿ, ಸಂಜೆಗೆ ಬೇಕರಿಯ ಖಾರಾ ಬನ್ನು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಮಿಕ್ಸ್‌ಚರ್ ಸೇರಿದರೆ ಆ ಗೆರೆ ದಾಟುವುದು ಸುಲಭ. ಮನೆಯ ಕಾಯಿಚಟ್ನಿಯನ್ನು ನಾನು ಈ ಪಟ್ಟಿಯ ಕೊನೆಗೆ ಹಾಕುತ್ತೇನೆ. ಪಟ್ಟಿಯ ಮೊದಲಿಗೆ ಬರುವುದು ಹೊಗೆಸೊಪ್ಪು: ಬೀಡಿ, ಸಿಗರೇಟು, ಅಡಿಕೆಯ ಜೊತೆ ಬೆರೆಸಿದ ಗುಟ್ಕಾ.

ಇಲ್ಲೊಂದು ಕಷ್ಟವಿದೆ. ತುಮಕೂರಿನ ಗಲ್ಲಿಗಳಲ್ಲಿ ಬೀಡಿ ಕಟ್ಟಿ ಬದುಕುವ ಹೆಂಗಸರಿದ್ದಾರೆ, ಗುಬ್ಬಿಯ ತೋಟಗಳು ಅಡಿಕೆಯನ್ನು ನಂಬಿವೆ. ಅನ್ನ ಕೊಡುವ ವಸ್ತುವೇ ರೋಗವನ್ನೂ ತರುತ್ತಿದ್ದರೆ ಏನು ಮಾಡುವುದು? ಫಿನ್ಲೆಂಡಿನ ಉತ್ತರ ಕರೇಲಿಯಾ ಇದೇ ಸಂಕಟ ಎದುರಿಸಿತ್ತು. ಹೈನುಗಾರರ ನಾಡದು, ಬ್ರೆಡ್ಡಿಗೆಲ್ಲ ದಪ್ಪಗೆ ಬೆಣ್ಣೆ. ನಡುವಯಸ್ಸಿನ ಗಂಡಸರು ಸಾಲುಸಾಲಾಗಿ ಸಾಯುವುದನ್ನು ಕಂಡು ಜನರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯ ಕೆಲಸ ಶುರುಮಾಡಿದರು. ಮಹಿಳಾ ಸಂಘಗಳು ಊರೂರಲ್ಲಿ ಹೊಸ ಅಡುಗೆ ಮಾಡಿ ಬಡಿಸಿದವು, ಡೇರಿಗಳು ಕೊಬ್ಬು ಇಳಿಸಿದವು, ಹೈನುಗಾರರಿಗೆ ಬೆರಿ ಹಣ್ಣು ಬೆಳೆಯಲು ನೆರವು ಸಿಕ್ಕಿತು. ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಳಿಯಿತು. ನಮ್ಮ ಸ್ತ್ರೀಶಕ್ತಿ ಸಂಘಗಳಿಗೆ ಇದು ಆಗದ ಕೆಲಸವಲ್ಲ. ಬೀಡಿ ಕಟ್ಟುವವರಿಗೆ ಬೇರೆ ದುಡಿಮೆ ಹುಡುಕಿಕೊಡುವುದು ಸರ್ಕಾರದ ಕೆಲಸ.

ಜನರಿಗೆ ತಿಳಿವಳಿಕೆ ಇಲ್ಲ ಎಂದು ಸುಮ್ಮನಾಗುವವರಿಗೆ ಇದೇ ಜಿಲ್ಲೆಯ ಇತಿಹಾಸ ಉತ್ತರ ಕೊಡುತ್ತದೆ. 1960ರ ಸುಮಾರಿಗೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಸಮೀಕ್ಷೆ ನಡೆಸಿತು. ಅಲ್ಲಿ ಸಿಕ್ಕ ರೋಗಿಗಳನ್ನು ಮಾತಾಡಿಸಿದ ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಬರೆದದ್ದು ದೇಶದ ಕಣ್ಣು ತೆರೆಸಿತು. ಹೆಚ್ಚಿನವರಿಗೆ ತಮ್ಮ ಕಾಯಿಲೆಯ ಲಕ್ಷಣ ಗೊತ್ತಿತ್ತು, ಅರ್ಧದಷ್ಟು ಮಂದಿ ಆಸ್ಪತ್ರೆಗೂ ಹೋಗಿಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ.

ಇಂದು ಎದೆಯುರಿ ಎಂದು ಹೋದವನಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರೆ ಅದೇ ಕಥೆ. ಪುನೀತ್ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಎದೆ, ಎಡಗೈ, ದವಡೆಯಲ್ಲಿ ಹಿಂಡಿದಂತಾಗಿ ಬೆವರು ಬಂದರೆ ಸೋಡಾ ಕುಡಿದು ಕಾಯದೆ ಮೊದಲ ಗಂಟೆಯೊಳಗೇ ಇಸಿಜಿ ಮಾಡಿಸಬೇಕು. ಮೂವತ್ತು ದಾಟಿದವರು ಜ್ವರಕ್ಕೆ ಬರಲಿ, ಹಲ್ಲುನೋವಿಗೆ ಬರಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡದೆ ಕಳಿಸಬಾರದು. ಬಿಪಿ ಮಾತ್ರೆ ತಿಂಗಳಿಗಾಗುವಷ್ಟು ಒಂದೇ ಸಲ ಕೈಗೆ ಸಿಗಬೇಕು. ಗುಬ್ಬಿಯ ನಮ್ಮ ಓದುಗರು ಕಾಯಿ ತುರಿಯಲಿ, ಉಪ್ಪು ಕಮ್ಮಿ ಹಾಕಲಿ, ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಲಿ.