ಚಳಿಗಾಲದಲ್ಲಿ ಅಕ್ವಾಪೋನಿಕ್ಸ್ ಘಟಕದ ನಿರ್ವಹಣೆ: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆಂದು ಪಟ್ಟಿ ಮಾಡಲಾದ 29 ವಿಷಯಗಳಲ್ಲಿ ಮೀನುಗಾರಿಕೆ ಐದನೆಯದು. ಮೀನಿನ ತೊಟ್ಟಿಯ ನೀರನ್ನೇ ಮಣ್ಣಿಲ್ಲದ ತರಕಾರಿ ಮಡಿಗೆ ಹರಿಸಿ, ಮರಳಿ ತೊಟ್ಟಿಗೆ ತರುವ ವಿಧಾನವೇ ಅಕ್ವಾಪೋನಿಕ್ಸ್. ಒಂದೇ ನೀರು ಮತ್ತೆ ಮತ್ತೆ ಬಳಕೆಯಾಗುವುದರಿಂದ, ಗಂಗಾವತಿಯ ನಾಲೆ ಪ್ರದೇಶಕ್ಕಿಂತ ಕುಷ್ಟಗಿ, ಯಲಬುರ್ಗಾ ಮತ್ತು ಕೊಪ್ಪಳ ತಾಲೂಕುಗಳ ಮಳೆಯಾಶ್ರಿತ ಗ್ರಾಮಗಳಿಗೆ ಇದು ಹೆಚ್ಚು ಪ್ರಸ್ತುತವಾಗಿದೆ. ಆದರೆ ಸ್ವಸಹಾಯ ಸಂಘವೊಂದು ಸಾಲ ಪಡೆದು ಹಾಕಿದ ಘಟಕದಲ್ಲಿ ಮೀನುಗಳು ಸತ್ತರೆ, ಸದಸ್ಯೆಯರಿಗೆ ಉಳಿಯುವುದು ಸಾಲದ ಕಂತು ಮಾತ್ರ. ಚಳಿಗಾಲದಲ್ಲಿ ಈ ಅಪಾಯವು ಕಣ್ಣಿಗೆ ಕಾಣದಂತೆ ಬೆಳೆಯುತ್ತದೆ.

ಘಟಕವು ಕೆಲಸ ಮಾಡುವ ಬಗೆ

ಮೀನಿನ ತ್ಯಾಜ್ಯದಿಂದ ಹಾಗೂ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಇದು ಮೀನಿಗೆ ವಿಷ. ಜಲ್ಲಿಕಲ್ಲಿನ ಮಡಿಯಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳು ಇದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ಸಸ್ಯಗಳಿಗೆ ಗೊಬ್ಬರವಾಗುತ್ತದೆ. ಹೀಗೆ ಮೀನು, ಸೂಕ್ಷ್ಮಾಣು ಮತ್ತು ಸಸ್ಯ ಎಂಬ ಮೂರೂ ಸಮತೋಲದಲ್ಲಿದ್ದರೆ ಮಾತ್ರ ಘಟಕ ಉಳಿಯುತ್ತದೆ.

ಚಳಿಯ ಪರಿಣಾಮ

ನಮ್ಮ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಆದರೂ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶವು 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದುಂಟು. ಕೆರೆಯ ನೀರು ನಿಧಾನವಾಗಿ ತಣಿಯುತ್ತದೆ. ನೆಲದ ಮೇಲಿನ 1000 ಲೀಟರ್ ತೊಟ್ಟಿಯು ಬೇಗ ತಣಿಯುತ್ತದೆ. ಮೀನಿನ ದೇಹಕ್ಕೆ ತನ್ನದೇ ಆದ ಶಾಖವಿಲ್ಲ. ನೀರು ತಣಿದಂತೆ ಅದರ ಹಸಿವೂ ಕುಗ್ಗುತ್ತದೆ. ಗೆಂಡೆ ಮೀನುಗಳು 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ತಿಲಾಪಿಯಾ ಮೀನಿಗೆ 17 ಡಿಗ್ರಿಗಿಂತ ಕೆಳಗೆ ಆಹಾರ ಹಾಕಬಾರದು. 12 ಡಿಗ್ರಿಗಿಂತ ಕೆಳಗೆ ಅದು ಬದುಕುವುದು ಕಷ್ಟ. ಸೂಕ್ಷ್ಮಾಣುಗಳ ಚಟುವಟಿಕೆಯೂ ಸುಮಾರು 17 ಡಿಗ್ರಿಯ ಕೆಳಗೆ ಮಂದವಾಗುತ್ತದೆ.

ಇಲ್ಲಿಯೇ ಸಾಮಾನ್ಯವಾಗಿ ತಪ್ಪು ಸಂಭವಿಸುತ್ತದೆ. ಬೇಸಿಗೆಯಲ್ಲಿ ಹಾಕಿದಷ್ಟೇ ಆಹಾರವನ್ನು ಚಳಿಗಾಲದಲ್ಲಿಯೂ ಹಾಕಿದರೆ ಅದು ಉಳಿದು ಕೊಳೆಯುತ್ತದೆ. ಅದರಿಂದ ಬರುವ ಅಮೋನಿಯಾವನ್ನು ಮಂದವಾದ ಸೂಕ್ಷ್ಮಾಣುಗಳು ನಿಭಾಯಿಸಲಾರವು. ಮೀನುಗಳು ಚಳಿಗೆ ಸತ್ತವೆಂದು ತೋರಿದರೂ, ಅನೇಕ ವೇಳೆ ಅವು ಸಾಯುವುದು ಕೆಟ್ಟ ನೀರಿನಿಂದ.

ಅನುಸರಿಸಬೇಕಾದ ಕ್ರಮಗಳು

1. ತೊಟ್ಟಿಯಲ್ಲಿ ಥರ್ಮಾಮೀಟರ್ ಇರಿಸಿ, ಮುಂಜಾನೆ ಮತ್ತು ಮಧ್ಯಾಹ್ನ ಉಷ್ಣಾಂಶವನ್ನು ಪುಸ್ತಕದಲ್ಲಿ ದಾಖಲಿಸತಕ್ಕದ್ದು.

2. ನೀರು ಬೆಚ್ಚಗಾದ ಬಳಿಕ, ಅಂದರೆ ಬೆಳಿಗ್ಗೆ 11ರ ನಂತರ, ಮೀನು ತಿನ್ನುವಷ್ಟೇ ಆಹಾರ ನೀಡಬೇಕು. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದುದನ್ನು ತೆಗೆಯಬೇಕು.

3. ಅಮೋನಿಯಾ ಹಾಗೂ ನೈಟ್ರೈಟ್ ಪ್ರಮಾಣಗಳು ಲೀಟರಿಗೆ 1 ಮಿಲಿಗ್ರಾಂ ಮೀರಿದರೆ ಆಹಾರ ನಿಲ್ಲಿಸಿ, ನೀರಿನ ಒಂದು ಭಾಗವನ್ನು ಬದಲಿಸಬೇಕು. ಕ್ಷಾರಗುಣ ಹೆಚ್ಚಿರುವ ನೀರಿನಲ್ಲಿ ಅಮೋನಿಯಾದ ವಿಷ ತೀವ್ರವಾಗುವುದರಿಂದ, ಕೊಳವೆಬಾವಿ ನೀರಿನ ಪಿಎಚ್ ಪರೀಕ್ಷೆ ಕಡ್ಡಾಯವಾಗಿ ಆಗಬೇಕು.

4. ಕೊಳವೆಬಾವಿಯ ನೀರು ಚಳಿಗಾಲದ ಮುಂಜಾನೆ ತೊಟ್ಟಿಯ ನೀರಿಗಿಂತ ಬೆಚ್ಚಗಿರುತ್ತದೆ. ಆದರೆ ಅದರಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ಅದನ್ನು ಎತ್ತರದಿಂದ ಚಿಮುಕಿಸಿ, ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು.

5. ತೊಟ್ಟಿಯ ಅರ್ಧಭಾಗವನ್ನು ನೆಲದೊಳಗೆ ಇಳಿಸುವುದು, ರಾತ್ರಿ ಗಾಳಿಯಾಡುವಂತೆ ಹೊದಿಸುವುದು ಮತ್ತು ಗಾಳಿ ಬೀಸುವ ಕಡೆ ತಡೆ ಕಟ್ಟುವುದು ಕಡಿಮೆ ಖರ್ಚಿನ ಉಪಾಯಗಳು. ಹಿಮ ಬೀಳುವ ದೇಶಗಳಲ್ಲಿ ಹಸಿರುಮನೆಯೊಳಗೆ ನೀರು ಕಾಯಿಸುತ್ತಾರೆ, ಇಲ್ಲವೇ ತಂಪು ನೀರಿನ ಟ್ರೌಟ್ ಸಾಕುತ್ತಾರೆ. ನಮಗೆ ಅಷ್ಟು ವೆಚ್ಚ ಅನಗತ್ಯ.

6. ಕೊತ್ತಂಬರಿ, ಮೆಂತ್ಯ ಮತ್ತು ಪಾಲಕ ತಂಪಿನಲ್ಲಿ ಚೆನ್ನಾಗಿ ಬರುವುದರಿಂದ ಈ ಅವಧಿಗೆ ಅವೇ ಸೂಕ್ತ.

ಅನುಮೋದನೆಗೆ ಮುನ್ನ

ಹೊಸ ಘಟಕದಲ್ಲಿ ಸೂಕ್ಷ್ಮಾಣುಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತಣ್ಣನೆಯ ನೀರಿನಲ್ಲಿ ಇನ್ನೂ ಹೆಚ್ಚು. ಆದುದರಿಂದ ನವೆಂಬರ್‌ನಲ್ಲಿ ಆರಂಭಿಸುವ ಪ್ರಸ್ತಾವನೆಯನ್ನು ಫೆಬ್ರುವರಿಗೆ ಮುಂದೂಡುವುದು ಒಳಿತು. ಪ್ರಾರಂಭದಲ್ಲಿ 1000 ಲೀಟರ್ ನೀರಿಗೆ 10ರಿಂದ 20 ಕಿಲೋಗ್ರಾಂ ಮೀನನ್ನು ಮೀರಬಾರದು. ವಿದ್ಯುತ್ ನಿಂತರೆ ಗಾಳಿ ಒದಗಿಸುವ ಯಂತ್ರವೂ ನಿಲ್ಲುವುದರಿಂದ, ಬ್ಯಾಟರಿ ವ್ಯವಸ್ಥೆಯಿಲ್ಲದ ಅಂದಾಜು ಪಟ್ಟಿಯನ್ನು ಅಪೂರ್ಣವೆಂದೇ ಪರಿಗಣಿಸಬೇಕು. ತಿಲಾಪಿಯಾ ಸಾಕಣೆಗೆ ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದಿರಬೇಕು. ಸಹಾಯಧನದ ಅರ್ಹತೆಯನ್ನು ಸಾಲಕ್ಕೆ ಸಹಿ ಹಾಕುವ ಮೊದಲೇ ಇಲಾಖೆಯ ತಾಲೂಕು ಕಚೇರಿಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳುವಂತೆ ಸಂಘಗಳಿಗೆ ತಿಳಿಹೇಳುವುದು ಸದಸ್ಯರ ಹೊಣೆ.

ಆಸಕ್ತ ಗ್ರಾಮ ಪಂಚಾಯತಿಗಳು ಒಂದು ಸಣ್ಣ ಘಟಕವನ್ನು ಒಂದು ಪೂರ್ಣ ವರ್ಷ, ಅಂದರೆ ಒಂದು ಬೇಸಿಗೆ ಮತ್ತು ಒಂದು ಚಳಿಗಾಲ, ನಡೆಸಿ ನೋಡಿ, ದಾಖಲೆ ಪುಸ್ತಕವನ್ನು ಗ್ರಾಮಸಭೆಯ ಮುಂದಿರಿಸಿದ ಬಳಿಕವೇ ವಿಸ್ತರಣೆಯ ತೀರ್ಮಾನ ಕೈಗೊಳ್ಳುವುದು ಸೂಕ್ತ.