ಹೊಸ್ತಿಲು ದಾಟಿಸಿದ ಸಾಲಿಗಳು

ಎಸ್ಸೆಸ್ಸೆಲ್ಸಿ, ಪಿಯುಸಿ, ನೀಟ್ ಫಲಿತಾಂಶಗಳು ಒಂದರ ಹಿಂದೊಂದು ಹೊರಬೀಳುವ ದಿನಗಳಲ್ಲಿ ಬೀದರ್ ಪಟ್ಟಣದ ವೃತ್ತಗಳೆಲ್ಲ ಮಕ್ಕಳ ಮುಖಗಳಿಂದ ತುಂಬಿಬಿಡುತ್ತವೆ. ಫ್ಲೆಕ್ಸಿನ ಮೂಲೆಯೊಂದರಲ್ಲಿ ಕಾವಿ ತೊಟ್ಟವರಿರುತ್ತಾರೆ, ಪಕ್ಕದ ಫ್ಲೆಕ್ಸಿನಲ್ಲಿ ಟೋಪಿ ಇಟ್ಟವರು, ಮತ್ತೊಂದರಲ್ಲಿ ಪೇಟ ಸುತ್ತಿದವರು. ಈ ಜಿಲ್ಲೆಯ ಹೆಸರಾಂತ ಶಾಲೆಗಳಲ್ಲಿ ಹಲವು ಯಾವುದಾದರೊಂದು ಧರ್ಮದ ನೆರಳಲ್ಲಿ ಬೆಳೆದವು. ಲಿಂಗಾಯತ ಮಠದವು, ಮುಸ್ಲಿಂ ಮುಂದಾಳತ್ವದವು, ಮೆಥೊಡಿಸ್ಟ್ ಚರ್ಚಿನವು, ಗುರುನಾನಕ್ ಝೀರಾದ ಸಿಖ್ಖರವು. ಫ್ಲೆಕ್ಸ್ ನೋಡಿದರೆ ಯಾರು ಎಷ್ಟನೇ ರ‍್ಯಾಂಕ್ ಎಂದು ತಿಳಿಯುತ್ತದೆ. ಆ ಮಗು ಶಾಲೆಗೆ ಬಂದಾಗ ಏನಾಗಿತ್ತು ಎಂಬುದು ಅಲ್ಲಿ ಇರುವುದಿಲ್ಲ. ಆದರೆ ಶಾಲೆಯ ಯೋಗ್ಯತೆಯನ್ನು ಅಳೆಯಬೇಕಾದದ್ದು ಅದರಿಂದಲೇ.

ಭಾಲ್ಕಿ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರ ಕತೆ ಕನ್ನಡಿಗರಿಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಉರ್ದು, ಸರ್ಕಾರಿ ಶಾಲೆಯ ಭಾಷೆಯೂ ಉರ್ದು. ಕನ್ನಡ ಶಾಲೆಗೆ ಅಪ್ಪಣೆ ಸಿಗುವುದು ದುರ್ಲಭ. ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಜಾಣ್ಮೆಯನ್ನು ನಾವು ಪ್ರತಿ ನವೆಂಬರಿನಲ್ಲೂ ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ನನಗೇನೋ ಬೋರ್ಡಿಗಿಂತ ಅವರು ಮಕ್ಕಳಿಗಾಗಿ ನಡೆಸಿದ ಪ್ರಸಾದ ನಿಲಯವೇ ದೊಡ್ಡದಾಗಿ ಕಾಣುತ್ತದೆ. ಕನ್ನಡ ಕಲಿಯಬೇಕಾದ ಮಗು ಹಳ್ಳಿಯದು. ಅದಕ್ಕೆ ಊರಲ್ಲಿ ಶಾಲೆಯಿಲ್ಲ, ಭಾಲ್ಕಿಯಲ್ಲಿ ನೆಂಟರಿಲ್ಲ, ಹೋಟೆಲಿನಲ್ಲಿ ಉಣ್ಣಲು ದುಡ್ಡಿಲ್ಲ. ಬಂದವರಿಗೆ ಉಣಬಡಿಸುವ ರೂಢಿ ಮಠಕ್ಕೆ ಮೊದಲಿನಿಂದಲೂ ಇತ್ತು. ಆ ಪಂಕ್ತಿಗೆ ಪಾಟಿಚೀಲ ಹೊತ್ತ ಮಕ್ಕಳನ್ನೂ ಕೂರಿಸಿದ್ದು, ಜಾತಿ ಕೇಳದೆ ಕೂರಿಸಿದ್ದು ಪಟ್ಟದ್ದೇವರ ಕೆಲಸ. ಬಸವಣ್ಣನ ಹೆಸರು ಹೇಳುವ ಮಠ ಎಲ್ಲ ಜಾತಿಯ ಮಕ್ಕಳಿಗೆ ಒಂದೇ ಸಾಲಿನಲ್ಲಿ ಬಡಿಸದಿದ್ದರೆ ವಚನಗಳ ಪುಸ್ತಕ ಅಚ್ಚು ಹಾಕಿಸಿ ಏನು ಪ್ರಯೋಜನ?

ಪಟ್ಟದ್ದೇವರು ಹುಟ್ಟಿದ ಕಮಲನಗರದಲ್ಲೂ ಶಾಲೆ ಬೆಳೆಯಿತು. ಈಗ ಅದು ಬೇರೆ ತಾಲ್ಲೂಕು, ಆಗ ಔರಾದಿನ ಸೀಮೆ. ಅವರ ಪ್ರೇರಣೆಯಿಂದ ಹುಟ್ಟಿದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಮುಂದೆ ಕಾಲೇಜುಗಳವರೆಗೂ ಹಬ್ಬಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿ, 1956ರ ನವೆಂಬರಿನಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಬಂದಾಗ, ಕನ್ನಡ ಬಲ್ಲ ಮಾಸ್ತರರು, ಗುಮಾಸ್ತರು ಈ ಭಾಗಕ್ಕೆ ತುರ್ತಾಗಿ ಬೇಕಾಗಿದ್ದರು. ಅಂಥವರಲ್ಲಿ ಒಂದಷ್ಟು ಜನರನ್ನು ಮಠ ಆಗಲೇ ತಯಾರು ಮಾಡಿತ್ತು. 1999ರಲ್ಲಿ ಪಟ್ಟದ್ದೇವರು ಲಿಂಗೈಕ್ಯರಾದ ಮೇಲೆ ಬಸವಲಿಂಗ ಪಟ್ಟದ್ದೇವರು ಆ ಕೆಲಸ ಮುಂದುವರಿಸಿದರು. ಭಾಲ್ಕಿ ಬಳಿಯ ಕರಡ್ಯಾಳದಲ್ಲಿರುವ ಚನ್ನಬಸವೇಶ್ವರ ಗುರುಕುಲ ಇಂದು ಜಿಲ್ಲೆಯಾಚೆಗೂ ಹೆಸರು ಮಾಡಿದೆ.

ಇಂಥ ಕಡೆ ಮಗು ಕಲಿಯುವುದು ಹೇಗೆ? ಬೆಳಗಿನ ಪ್ರಾರ್ಥನೆಯಿಂದ ಬೀಜಗಣಿತದಲ್ಲಿ ಅಂಕ ಬರುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಪ್ರಾರ್ಥನೆಗೆ ಎಬ್ಬಿಸುವ ಒಬ್ಬರು ಇದ್ದಾರಲ್ಲ, ಲೆಕ್ಕ ಹತ್ತುವುದು ಅವರಿಂದ. ಔರಾದ್, ಭಾಲ್ಕಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಎಷ್ಟೋ ತಂದೆ-ತಾಯಿ ಸುಗ್ಗಿ ಮುಗಿದೊಡನೆ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗುತ್ತಾರೆ. ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಒಂಬತ್ತನೆಯ ತರಗತಿಯ ಹುಡುಗನನ್ನು ಅಜ್ಜಿ ಓದಲು ಕೂರಿಸಬಲ್ಲಳೆ? ಹೊತ್ತಿಗೆ ಸರಿಯಾಗಿ ಏಳುವುದು, ಉಣ್ಣುವುದು, ಸಂಜೆ ದೀಪ ಹತ್ತಿದ ಮೇಲೆ ಪುಸ್ತಕ ಬಿಡಿಸುವುದು, ತಪ್ಪಿದರೆ ಯಾಕೆಂದು ಕೇಳುವವರು ಆವರಣದಲ್ಲೇ ವಾಸವಿರುವುದು, ಇಷ್ಟನ್ನು ಕೊಡುವ ಮನೆ ಬಡವರಿಗೆ ಸಿಗುವುದು ಕಷ್ಟ. ಇನ್ನೊಂದು ವಿಷಯವಿದೆ. ಮಗನನ್ನು ಎಲ್ಲಿ ಬಿಟ್ಟೆ ಎಂದು ಊರವರು ಕೇಳಿದರೆ, 'ಮಠದ ಅಪ್ಪಗಳ ಹತ್ತಿರ' ಎನ್ನಲು ರೈತನಿಗೆ ಅಳುಕಿಲ್ಲ. ಈ ನಂಬಿಕೆಯನ್ನು ಸರ್ಕಾರಿ ಹಾಸ್ಟೆಲ್ ಆದೇಶ ಹೊರಡಿಸಿ ಗಳಿಸಲಾರದು.

ಓದು ಮತ್ತು ವಸತಿ ಜೊತೆಗಿರಬೇಕು ಎಂಬುದು ಬೀದರಿಗೆ ಹಳೆಯ ತಿಳಿವಳಿಕೆ. ಬಹಮನಿ ಸುಲ್ತಾನರ ವಜೀರ ಮಹಮೂದ್ ಗವಾನ್ 1472ರ ಹೊತ್ತಿಗೆ ಕಟ್ಟಿಸಿದ ಮದರಸಾದಲ್ಲಿ ಓದುವವರಿಗೂ ಓದಿಸುವವರಿಗೂ ಉಳಿಯಲು ಕೋಣೆಗಳಿದ್ದವು. ಔರಂಗಜೇಬನ ಕಾಲದ ಸ್ಫೋಟದಲ್ಲಿ ಒಂದು ಭಾಗ ಕಳೆದುಕೊಂಡ ಆ ಕಟ್ಟಡ ಇವತ್ತು ಪ್ರವಾಸಿಗರ ಸೆಲ್ಫಿಗೆ ನಿಂತಿದೆ.

ಅದೇ ಊರಿನಲ್ಲಿ 1989ರಲ್ಲಿ ಎಂಜಿನಿಯರ್ ಅಬ್ದುಲ್ ಖದೀರ್ ಒಂದು ಕೋಣೆಯಲ್ಲಿ, ಇಪ್ಪತ್ತೂ ತುಂಬದ ಮಕ್ಕಳೊಂದಿಗೆ ಶಾಹೀನ್ ಶಾಲೆ ಶುರುಮಾಡಿದರು. ಇಂದು ಅದರ ಹೆಸರು ನೀಟ್‌ನೊಂದಿಗೆ ಅಂಟಿಕೊಂಡಿದೆ, ದೇಶದ ಬೇರೆ ಬೇರೆ ರಾಜ್ಯಗಳಲ್ಲಿ ಶಾಖೆಗಳಿವೆ. ನನಗೆ ಕುತೂಹಲ ಹುಟ್ಟಿಸಿದ್ದು ಅದಲ್ಲ, ಹಾಫಿಝ್ ಹುಡುಗರಿಗಾಗಿ ಅಲ್ಲಿ ನಡೆಸುವ ತರಗತಿ. ಹಾಫಿಝ್ ಎಂದರೆ ಕುರಾನಿನ ಆರು ಸಾವಿರಕ್ಕೂ ಮಿಕ್ಕಿದ ಆಯತ್‌ಗಳನ್ನು ಕಂಠಪಾಠ ಮಾಡಿದವನು. ಹದಿಮೂರು-ಹದಿನಾಲ್ಕರ ಇಂಥ ಹುಡುಗನಿಗೆ ಭಿನ್ನರಾಶಿ ಗೊತ್ತಿರುವುದಿಲ್ಲ, ಇಂಗ್ಲಿಷ್ ಅಕ್ಷರ ತಡವರಿಸುತ್ತದೆ. ಮಾಮೂಲಿ ಶಾಲೆಗೆ ಹೋದರೆ ಎಲ್ಲಿ ಕೂರಿಸುತ್ತಾರೆ? ವಯಸ್ಸಿಗೆ ತಕ್ಕ ತರಗತಿಯಲ್ಲಿ ಪಾಠ ತಲೆಗೆ ಹತ್ತದು. ತಿಳಿದಷ್ಟಕ್ಕೆ ತಕ್ಕ ತರಗತಿಯಲ್ಲಿ ಮೀಸೆ ಚಿಗುರಿದವನು ಆರು ವರ್ಷದವರ ನಡುವೆ ಕೂರಬೇಕು. ನಾಚಿಕೆಗೆ ಎರಡನೇ ದಿನವೇ ಬಿಡುತ್ತಾನೆ. ಇಲ್ಲಿ ಇಂಥವರನ್ನೇ ಒಟ್ಟುಗೂಡಿಸಿ, ಮಗ್ಗಿಯಿಂದ ಹಿಡಿದು, ಕೆಲವು ತಿಂಗಳು ಅಡಿಪಾಯ ಹಾಕಿ, ಆಮೇಲೆ ಹತ್ತನೆಯ ತರಗತಿಯ ದಾರಿಗೆ ಬಿಡುತ್ತಾರೆ. ವರ್ಷಗಟ್ಟಲೆ ಕೂತು ಬಾಯಿಪಾಠ ಮಾಡಿದ ಶಿಸ್ತು, ನೆನಪಿನ ಕಸುವು ಅವರಲ್ಲಿ ಮೊದಲೇ ಇರುತ್ತದೆ. ಹೀಗೆ ಬಂದ ಕೆಲವರು ನೀಟ್ ಪಾಸಾಗಿ ಸರ್ಕಾರಿ ವೈದ್ಯಕೀಯ ಸೀಟು ಪಡೆದಿದ್ದಾರೆ. ಓದಿನಲ್ಲಿ ಹಿಂದುಳಿದ ಇತರರಿಗೂ ಪ್ರತ್ಯೇಕ ವಿಭಾಗವಿದೆ. ಅದನ್ನು ಅವರು ಕರೆಯುವುದು 'ಅಕಾಡೆಮಿಕ್ ಐಸಿಯು' ಎಂದು.

ಭಾಲ್ಕಿಯ ಮಠಕ್ಕೂ ಬೀದರಿನ ಶಾಹೀನಿಗೂ ದೇವರು ಬೇರೆ, ಕಾಲ ಬೇರೆ. ಎರಡೂ ಎತ್ತಿಕೊಂಡದ್ದು ಮಾತ್ರ ತಮ್ಮ ಕಾಲದ ಶಾಲೆಯೊಳಗೆ ಜಾಗವಿಲ್ಲದ ಮಗುವನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೀದರಿಗೆ ಬಂದ ಮೆಥೊಡಿಸ್ಟ್ ಮಿಷನರಿಗಳ ಶಾಲೆ, ಹಾಸ್ಟೆಲುಗಳು ದಲಿತರ ಮಕ್ಕಳಿಗೆ ತೆರೆದದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಆದರೆ ಸಂಸ್ಥೆ ಹೆಸರು ಮಾಡಿದ ಮೇಲೆ ಬಾಗಿಲಲ್ಲೇ ಅಂಕಪಟ್ಟಿ ಕೇಳುವ ಆಸೆ ಹುಟ್ಟುತ್ತದೆ. ತೊಂಬತ್ತೈದು ತಂದವನಿಗೆ ತೊಂಬತ್ತೆಂಟು ಬರಿಸುವುದು ಸುಲಭದ ಕೆಲಸ, ಜಾಹೀರಾತಿಗೆ ಲಾಭದ ಕೆಲಸ. ಜಿಲ್ಲೆಯ ಧಾರ್ಮಿಕ ಶಾಲೆಗಳ ಮುಂದಿರುವ ದೊಡ್ಡ ಅಪಾಯ ಇದೇ. ಮತಾಂಧತೆಯ ಭಯವನ್ನು ಎಲ್ಲರೂ ಆಡುತ್ತಾರೆ, ಇದನ್ನು ಆಡುವವರು ಕಡಿಮೆ.

ಅನ್ಯಧರ್ಮದ ಮಗುವಿನ ಮಾತಿಗೆ ಬಂದರೆ, ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಧಾರ್ಮಿಕ ಬೋಧನೆಗೆ, ಪೂಜೆಗೆ ಒತ್ತಾಯಿಸುವಂತಿಲ್ಲ. ಪ್ರಾಪ್ತ ವಯಸ್ಸಿಗೆ ಬಾರದ ಮಗುವಾದರೆ ಪಾಲಕರ ಒಪ್ಪಿಗೆ ಬೇಕು. ಬೀದರಿನಲ್ಲಿ ಇದು ಬರೀ ಕಾಗದದ ಮಾತಲ್ಲ. ಶಾಹೀನಿನಲ್ಲಿ ಹಿಂದೂ ಮಕ್ಕಳು, ಸಿಖ್ಖರ ಶಾಲೆಯಲ್ಲಿ ಎಲ್ಲರ ಮಕ್ಕಳು ಓದುತ್ತಾರೆ. ಶಾಲೆ ನೋಡಲು ಹೋದ ಪಾಲಕರು ಲ್ಯಾಬು, ಸ್ಮಾರ್ಟ್ ಬೋರ್ಡು ನೋಡಿ ಬರುವುದಕ್ಕಿಂತ ಊಟದ ಹೊತ್ತಿಗೆ ಹೋಗಿ ಯಾವ ಮಕ್ಕಳು ಯಾರ ಪಕ್ಕ ಕೂತಿದ್ದಾರೆ ಎಂದು ನೋಡಿ ಬರಲಿ.

ಕಡ್ಡಾಯ ಶಿಕ್ಷಣದ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಅಲ್ಪಸಂಖ್ಯಾತ ಸಂಸ್ಥೆಗಳನ್ನು 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಹೊರಗಿಟ್ಟಿತು. ಹೀಗಾಗಿ ಒಂಬತ್ತು, ಹತ್ತರಲ್ಲಿ ಬಡವರ ಮಗುವನ್ನು ಸೇರಿಸಿಕೊಳ್ಳುವುದು ಬಿಡುವುದು ಹೆಚ್ಚಾಗಿ ಸಂಸ್ಥೆಯ ಮನಸ್ಸಿಗೆ ಬಿಟ್ಟದ್ದು. ಆ ಮನಸ್ಸಿನ ಪರೀಕ್ಷೆ ಔರಾದಿನಲ್ಲಿ ಆಗಬೇಕು. ಹೆಸರಾದ ವಸತಿ ಶಾಲೆಗಳು ಬೀದರ್ ಪಟ್ಟಣದಲ್ಲಿ, ಭಾಲ್ಕಿಯ ಆಸುಪಾಸಿನಲ್ಲಿ ಗುಂಪುಗೂಡಿವೆ. ಬೀದರಿನಿಂದ 40 ಕಿ.ಮೀ. ಆಚೆ, ಮಹಾರಾಷ್ಟ್ರ ಮತ್ತು ತೆಲಂಗಾಣದ ಅಂಚಿನಲ್ಲಿರುವ ಔರಾದಿನ ಮಗು ಮನೆಯಲ್ಲಿ ಮರಾಠಿಯನ್ನೋ ಲಂಬಾಣಿಯನ್ನೋ ಆಡುತ್ತ ಬೆಳೆದಿರುತ್ತದೆ, ಪರೀಕ್ಷೆ ಬರೆಯುವ ಭಾಷೆ ಇನ್ನೊಂದು. ಪಟ್ಟದ್ದೇವರು ಎತ್ತಿಕೊಂಡದ್ದೂ ಮನೆಯ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲದ ಮಗುವನ್ನೇ. ಗಂಡುಮಗನಾದರೆ ಅಪ್ಪ ಟ್ರಂಕು ಹೊರಿಸಿ ಭಾಲ್ಕಿಗೆ ಬಿಟ್ಟು ಬರುತ್ತಾನೆ. ಮಗಳಿಗೆ ನಂಬಿಕಸ್ತ ಹಾಸ್ಟೆಲ್ ಹತ್ತಿರದಲ್ಲಿರಬೇಕು, ವಾರ್ಡನ್ ಹೆಂಗಸಾಗಿರಬೇಕು, ಶನಿವಾರ ಹೋಗಿ ನೋಡಿ ಬರುವಷ್ಟೇ ದೂರವಿರಬೇಕು. ಮಠವೋ ಚರ್ಚೋ ಟ್ರಸ್ಟೋ, ಮುಂದಿನ ಕಟ್ಟಡಕ್ಕೆ ಜಾಗ ಹುಡುಕುತ್ತಿದ್ದರೆ ಬೀದರಿನ ಹೆದ್ದಾರಿ ಬಿಟ್ಟು ಆ ಕಡೆ ಒಮ್ಮೆ ಹೋಗಿ ನೋಡಬಹುದು.